ಒಂದು ಸಲ ಕೇಳಿದರೆ ಟೈಪ್ ಮಾಡಲು ಬರಬೇಕು

ಬಳ್ಳಾರಿ

ಪ್ರೀತಿಯ ಮಗಳಿಗೆ,

ನೀನು ಕಳಿಸಿದ ಹೆಸರುಗಳ ಪಟ್ಟಿ ನೋಡಿದೆ. ನಮ್ಮ ಜೀನ್ಸ್ ಅನ್ನು ನೀನೇ ಆನ್‌ಲೈನ್‌ನಲ್ಲಿ ಮಾರುತ್ತೇನೆ ಅಂದಿದ್ದು ನನಗೂ ಅಪ್ಪನಿಗೂ ತುಂಬಾ ಖುಷಿ ಕೊಟ್ಟಿದೆ. ಇಷ್ಟು ವರ್ಷ ನಮ್ಮ ಯೂನಿಟ್‌ನಲ್ಲಿ ಹೊಲಿದ ಪ್ಯಾಂಟುಗಳೆಲ್ಲ ಬೇರೆಯವರ ಲೇಬಲ್ ಹಾಕಿಕೊಂಡೇ ಊರು ದಾಟಿವೆ. ಈಗ ನಮ್ಮದೇ ಹೆಸರು ಹೋಗುತ್ತದೆ. ಅದಕ್ಕೇ ಡೊಮೇನ್ ಹೆಸರನ್ನು, ಅಂದರೆ ನಮ್ಮ ವೆಬ್‌ಸೈಟಿನ ವಿಳಾಸವನ್ನು, ಅವಸರದಲ್ಲಿ ಆರಿಸಬೇಡ.

ನನ್ನ ಪರೀಕ್ಷೆ ಒಂದೇ. ಹೆಸರನ್ನು ಫೋನಿನಲ್ಲಿ ಒಂದು ಸಲ ಹೇಳಿದರೆ ಸಾಕು, ಸಿರುಗುಪ್ಪದ ನಿನ್ನ ಸೋದರತ್ತೆ ತಪ್ಪಿಲ್ಲದೆ ಟೈಪ್ ಮಾಡಬೇಕು. ಮಾರ್ಕೆಟ್ ಗದ್ದಲದಲ್ಲಿ ನಿಂತ ವ್ಯಾಪಾರಿಗೂ ಅದು ಸರಿಯಾಗಿ ಕೇಳಬೇಕು. ನಮ್ಮ ಕಡೆ ವ್ಯಾಪಾರ ನಡೆಯುವುದು ಬಾಯಿಂದ ಬಾಯಿಗೆ, ಅಲ್ವಾ?

ನಿನ್ನ ಪಟ್ಟಿಯ ಮೊದಲ ಹೆಸರಿನಲ್ಲಿ ಊರಿದೆ. ಊರ ಹೆಸರು ಇದ್ದರೆ ನನಗೂ ಇಷ್ಟವೇ. ಆದರೆ ಯಾವ ಸ್ಪೆಲ್ಲಿಂಗ್? 2014ರ ನವೆಂಬರ್ 1ರಿಂದ ಸರ್ಕಾರ ಇಂಗ್ಲಿಷಿನಲ್ಲೂ ಬಳ್ಳಾರಿ ಅಂತಲೇ ಬರೆಯುತ್ತಿದೆ. ಬಿ ಆದಮೇಲೆ ಎ, ಕೊನೆಗೆ ಐ. ಹೊರಗಿನ ಎಷ್ಟೋ ವ್ಯಾಪಾರಿಗಳು ಮಾತ್ರ ಇನ್ನೂ ಹಳೆಯ ಇ ಮತ್ತು ವೈ ಹಾಕುತ್ತಾರೆ. ನನಗೆ ಬರುವ ಆರ್ಡರ್ ಮೇಲ್‌ಗಳಲ್ಲಿ ಎರಡೂ ಇರುತ್ತವೆ. ಊರು ಬೇಕೇ ಬೇಕು ಅಂದರೆ ಎರಡೂ ಸ್ಪೆಲ್ಲಿಂಗ್ ಕೊಂಡು, ಒಂದಕ್ಕೆ ಬಂದವರು ಇನ್ನೊಂದಕ್ಕೆ ಹೋಗುವಂತೆ ಮಾಡಬೇಕು. ಎರಡಕ್ಕೂ ವರ್ಷ ವರ್ಷ ದುಡ್ಡು. ಊರನ್ನು ಲೇಬಲ್ ಮೇಲೆ ದೊಡ್ಡದಾಗಿ ಹಾಕೋಣ, ವಿಳಾಸದಲ್ಲಿ ಬೇಡ.

ಪಟ್ಟಿಯಲ್ಲಿರುವ 'ದಾರ' ಕನ್ನಡದಲ್ಲಿ ಎರಡೇ ಅಕ್ಷರ. ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಕೂತರೆ ಡಿ ಪಕ್ಕ ಎಚ್ ಬೇಕಾ, ಎ ಒಂದಾ ಎರಡಾ? ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ದೀರ್ಘ ಬಂದಲ್ಲೆಲ್ಲ ಇದೇ ಗೋಳು. 'ಸೂಜಿ'ಗೂ ಅಷ್ಟೇ, ಮೇಲಾಗಿ ಹಿಂದಿಯಲ್ಲಿ ರವೆಗೆ ಸೂಜಿ ಅನ್ನುತ್ತಾರೆ, ಹುಡುಕಿದವರಿಗೆ ಉಪ್ಪಿಟ್ಟಿನ ರವೆ ಸಿಗುತ್ತದೆ. ನನಗೆ ಹಿಡಿಸಿದ್ದು 'ಗಟ್ಟಿ'. ದೀರ್ಘವಿಲ್ಲ, ಟಿ ಎರಡು ಅಂದರೆ ಮುಗಿಯಿತು. ನಮ್ಮ ಹೊಲಿಗೆಗೂ ಒಪ್ಪುವ ಮಾತು. ಬರೀ ಆ ಒಂದು ಪದ ಡಾಟ್ ಕಾಮ್‌ನಲ್ಲಿ ಸಿಗುವುದು ಕಷ್ಟ. 1985ರಿಂದ ಜನ ಡಾಟ್ ಕಾಮ್ ಹೆಸರು ತೆಗೆದುಕೊಳ್ಳುತ್ತಿದ್ದಾರೆ, ಚಿಕ್ಕ ಪದಗಳು ಬಹುತೇಕ ಹೋಗಿವೆ. ಪಕ್ಕದಲ್ಲಿ ಜೀನ್ಸ್ ಅಂತ ಸೇರಿಸಿ ನೋಡು.

ಹೆಸರಿನ ಮಧ್ಯೆ ಅಡ್ಡಗೆರೆ, ಅಂಕಿ ಬೇಡ. ನಿಯಮದಲ್ಲಿ ಅವಕಾಶವಿದೆ, 63 ಅಕ್ಷರದವರೆಗೂ ಹೋಗಬಹುದು. ಆದರೆ 'ಫಾರ್' ಅಂದಾಗ 4 ಅಂತ ಅಂಕಿ ಹಾಕಬೇಕಾ, ಪದ ಬರೆಯಬೇಕಾ ಅಂತ ಗಿರಾಕಿ ಯಾಕೆ ಯೋಚಿಸಬೇಕು?

ಡಾಟ್ ಕಾಮ್ ಸಿಗದಿದ್ದರೆ ಡಾಟ್ ಇನ್ ತಗೋ. ನಮ್ಮ ಗಿರಾಕಿಗಳು ದೇಶದೊಳಗೇ ಇದ್ದಾರೆ. ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಕೊಟ್ಟು ಬ್ಯಾಂಕುಗಳಿಗೇ ಡಾಟ್ ಬ್ಯಾಂಕ್ ಡಾಟ್ ಇನ್‌ಗೆ ಬದಲಾಗಲು ಹೇಳಿತ್ತು. ಕನ್ನಡ ಅಕ್ಷರದಲ್ಲೇ ಡಾಟ್ ಭಾರತ ಕೂಡ ಇದೆ. ನನಗೆ ಅದರ ಮೇಲೆ ಆಸೆ ಜಾಸ್ತಿ. ಆದರೆ ಅಂಥ ಹೆಸರಿನ ಈಮೇಲ್ ವಿಳಾಸವನ್ನು ಎಷ್ಟೋ ಕಡೆ ಇನ್ನೂ ಒಪ್ಪುವುದಿಲ್ಲ. ಆಮೇಲೆ ಎರಡನೆಯದಾಗಿ ಕೊಳ್ಳೋಣ.

ಕೊಳ್ಳುವ ಮೊದಲು ಟ್ರೇಡ್‌ಮಾರ್ಕ್ ಪಟ್ಟಿಯಲ್ಲಿ ಹುಡುಕು. ಅದರಲ್ಲಿ ಸರಕುಗಳನ್ನು ಕ್ಲಾಸ್‌ಗಳಾಗಿ ವಿಂಗಡಿಸಿರುತ್ತಾರೆ, ಉಡುಪಿಗೆ 25ನೇ ಕ್ಲಾಸ್. ಸಿಫಿ ಅನ್ನುವ ಹೆಸರಿನ ಇಂಟರ್ನೆಟ್ ಕಂಪನಿಯವರು, ಎಫ್ ಎರಡು ಹಾಕಿ ಅದೇ ಥರದ ಹೆಸರು ಇಟ್ಟುಕೊಂಡವರ ಮೇಲೆ ಹೂಡಿದ ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕ್‌ಗಿರುವಂಥ ರಕ್ಷಣೆ ಉಂಟು ಅಂತ 2004ರಲ್ಲಿ ತೀರ್ಪು ಬಂತು. ಕಿವಿಗೆ ಒಂದೇ ಥರ ಕೇಳುವ ಹೆಸರು ಬೇರೆಯವರದ್ದಾಗಿದ್ದರೆ ಬಿಟ್ಟುಬಿಡು.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡ ನನ್ನವ್ವ. ಡೊಮೇನ್ ನಿನ್ನ ಹೆಸರಲ್ಲೇ, ನಿನ್ನ ಈಮೇಲ್‌ನಲ್ಲೇ, ನಿನ್ನ ಮೊಬೈಲ್‌ಗೇ ಒಟಿಪಿ ಬರುವಂತೆ ನೋಂದಣಿ ಆಗಬೇಕು. ಸೈಟ್ ಮಾಡಿಕೊಡುವವರು 'ನಾವೇ ಮಾಡಿಸ್ತೀವಿ ಮೇಡಂ' ಅನ್ನುತ್ತಾರೆ. ಬೇಡ. ನಮ್ಮ ಓಣಿಯ ವಾಶಿಂಗ್ ಯೂನಿಟ್‌ನವರದು ಹೀಗೇ ಆಯಿತು. ಮಾಡಿಕೊಟ್ಟ ಹುಡುಗ ತನ್ನ ಹೆಸರಲ್ಲೇ ತಗೊಂಡಿದ್ದ. ಆಮೇಲೆ ಊರು ಬಿಟ್ಟ, ನಂಬರ್ ಬದಲಾಯಿತು. ರಿನ್ಯೂವಲ್ ಮೇಲ್‌ಗಳು ಅವನಿಗೇ ಹೋದವು. ಹೆಸರು ಲ್ಯಾಪ್ಸ್ ಆಗಿ ಇನ್ಯಾರೋ ತಗೊಂಡರು. ಬಿಲ್ ಬುಕ್, ಕಾರ್ಡು, ಕವರ್ ಎಲ್ಲದರ ಮೇಲೂ ಆ ವಿಳಾಸವೇ ಇತ್ತು. ಆ ಅಕ್ಕ ನಮ್ಮ ಮನೆಯಲ್ಲಿ ಕೂತು ಅತ್ತದ್ದನ್ನು ನೋಡಿದ್ದೇನೆ.

ಮೊದಲ ವರ್ಷದ ಆಫರ್ ರೇಟ್ ನೋಡಿ ಮರುಳಾಗಬೇಡ, ಎರಡನೇ ವರ್ಷ ಎಷ್ಟು ಅಂತ ಕೇಳು. ಒಟ್ಟಿಗೆ 10 ವರ್ಷದವರೆಗೆ ಕಟ್ಟಬಹುದು. ನಾವು ಮೂರು ವರ್ಷಕ್ಕೆ ಕಟ್ಟೋಣ, ದುಡ್ಡು ನಾನು ಕಳಿಸುತ್ತೇನೆ.

ಎರಡು ಹೆಸರು ಆರಿಸಿಕೊಂಡು ಮೊದಲು ಅತ್ತೆಗೆ ಫೋನ್ ಮಾಡು. ಸಿಕ್ಕಿದ ಹೆಸರನ್ನು ಅವತ್ತೇ ಕೊಂಡುಬಿಡು, ಆಮೇಲೆ ನನಗೆ ಹೇಳು. ಲೇಬಲ್ ಪ್ರಿಂಟಿಂಗ್‌ನವರು ಕೇಳುತ್ತಿದ್ದಾರೆ.

ನಿನ್ನ ಅವ್ವ