ಗೈಡ್ ಕೈಯಲ್ಲಿ ಮೊಬೈಲ್ ಇದ್ದರೆ ಸಾಕೇ?

ಮಾನ್ಯ ಸಂಪಾದಕರೇ,

ಸಂಕ್ರಾಂತಿ ರಜೆಗೆ ನಾವು ಚಿತ್ರದುರ್ಗದ ಆರು ಜನ ಗೆಳೆಯರು ಹೊಸನಗರ ತಾಲ್ಲೂಕಿನ ಕಡೆ ಮೂರು ದಿನದ ಚಾರಣಕ್ಕೆ ಹೋಗಿದ್ದೆವು. ಅಡಿಕೆ ತೋಟ, ಗದ್ದೆ ಬದು, ಕಾಡು ದಾಟಿ ಕೊನೆಯ ದಿನ 1343 ಮೀಟರ್ ಎತ್ತರದ ಕೊಡಚಾದ್ರಿ. ಕಾದ ಬಂಡೆ ಹತ್ತಿ ಬೆಳೆದವರು ನಾವು, ಮಲೆನಾಡಿನ ಕಾಡು ಗೊತ್ತಿಲ್ಲ. ಅದಕ್ಕೇ ದುಡ್ಡು ಕೊಟ್ಟು ಗೈಡ್ ಇರುವ ತಂಡ ಸೇರಿದ್ದು.

ಗೈಡ್ ಹುಡುಗ ಒಳ್ಳೆಯವನೇ. ಆದರೆ ಬೆಂಗಳೂರಿನವನು, ಆ ದಾರಿಗೆ ಅವನೂ ಎರಡನೇ ಸಲ ಬಂದವನು, ಮೊಬೈಲ್‌ನಲ್ಲಿ ಮ್ಯಾಪ್ ನೋಡುತ್ತಾ ಅವನು ಮುಂದೆ, ಅವನ ಬೆನ್ನು ನೋಡುತ್ತಾ ನಾವು ಹಿಂದೆ. ಎರಡನೇ ದಿನ ಮಧ್ಯಾಹ್ನ ಕಾಡಂಚಿನಲ್ಲಿ ತರಗೆಲೆ ಮೇಲೆ ಕೂತು ಬುತ್ತಿ ಬಿಚ್ಚಿದೆವು. ದರಗು, ಅಂದರೆ ತರಗೆಲೆ, ಗುಡಿಸಲು ಬಂದಿದ್ದ ಅಜ್ಜಿಯೊಬ್ಬರು ದೂರದಿಂದಲೇ ಕೂಗಿದರು: "ಎದ್ದೇಳಿ ಮಾರಾಯ್ರೆ, ಉಣುಗಿನ ಕಾಲ ಇದು!"

ಮಂಗನ ಕಾಯಿಲೆ ವಿಷಯ ಅದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಸತ್ತ ಮಂಗನ ಮೈಯಿಂದ ಉದುರಿದ ಉಣುಗು, ಅಂದರೆ ರಕ್ತ ಹೀರುವ ಸಣ್ಣ ಹುಳ, ತರಗೆಲೆಯಲ್ಲಿರುತ್ತದೆ, ಅದು ಕಚ್ಚಿದರೆ ಮೂರರಿಂದ ಎಂಟು ದಿನದೊಳಗೆ ಜ್ವರ. ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಚಾರಣಕ್ಕೆ ಜನ ಹೊರಡುವುದೂ ಆಗಲೇ ಅಲ್ವಾ? ಅಜ್ಜಿ ಕೈಕಾಲಿಗೆ ಉಣುಗು ಕಚ್ಚದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಂಡೇ ಬಂದಿದ್ದರು. ನಮ್ಮ ಗೈಡ್ ಆ ಹೆಸರು ಕೇಳಿದ್ದೇ ಅವತ್ತು. ಊರಿಗೆ ಬಂದ ಮೇಲೆ ಒಂದು ವಾರ ದಿನಾ ಬೆಳಗ್ಗೆ ಹಣೆ ಮುಟ್ಟಿ ನೋಡಿಕೊಂಡಿದ್ದೇ ಕೆಲಸ. ಪುಣ್ಯಕ್ಕೆ ಏನೂ ಆಗಲಿಲ್ಲ.

ನಮ್ಮ ಕೋಟೆಯ ಗೈಡ್‌ಗಳನ್ನು ನೋಡಿ. ಓಬವ್ವನ ಕಿಂಡಿ ಇರಲಿ, ತುಪ್ಪದ ಕೊಳ ಇರಲಿ, ಎಲ್ಲಿ ಕಾಲು ಜಾರುತ್ತದೆ ಅನ್ನುವುದನ್ನೂ ಸೇರಿಸಿಯೇ ಹೇಳುತ್ತಾರೆ. ಆ ಕಲ್ಲಿನ ನಡುವೆಯೇ ಬೆಳೆದವರು ಅವರು.

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದಿತು. ಒಳ್ಳೆಯದೇ. ಆದರೆ ಸುಮ್ನೆ ತಲೆ ಎಣಿಸಿದರೆ ಆಯಿತೇ? ಪ್ರತಿ ತಂಡದ ಜೊತೆ ಆ ಊರಿನವರೊಬ್ಬರು ಇರಲೇಬೇಕು ಅಂತ ಮಾಡಲಿ. ಹೊರಡುವ ಮುಂಚೆ ಉಣುಗಿನ ಬಗ್ಗೆ ಹತ್ತು ನಿಮಿಷ ಹೇಳಲಿ, ಎಣ್ಣೆ ಕೊಡಲಿ. ನಾವು ಕೊಟ್ಟ ದುಡ್ಡಿನಲ್ಲಿ ಸ್ವಲ್ಪ ಆ ಊರಿಗೂ ಸೇರುತ್ತದೆ.

ನಮ್ಮೂರ ಪಕ್ಕದ ಜೋಗಿಮಟ್ಟಿ ಕಾಡಿಗೂ ಇದೇ ಮಾತು. ಅಲ್ಲಿ ಉಣುಗಿನ ಭಯಕ್ಕಿಂತ ಕರಡಿ, ಚಿರತೆಯ ಭಯ ದೊಡ್ಡದು. ಕರಡಿ ಯಾವ ಹೊತ್ತಿಗೆ ಯಾವ ಕಡೆ ಇಳಿಯುತ್ತದೆ ಅಂತ ಅಂಚಿನ ಹಳ್ಳಿಯಲ್ಲಿ ಕುರಿ ಕಾಯುವವರನ್ನು ಕೇಳಬೇಕು, ಮ್ಯಾಪ್ ಅದನ್ನು ತೋರಿಸುವುದಿಲ್ಲ.

– ಒಬ್ಬ ಓದುಗ, ಚಿತ್ರದುರ್ಗ