ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ

ಚರ್ಚಿನ ಪ್ರಸಂಗಕ್ಕೆ, ಅಂದರೆ ಪಾಸ್ಟರ್ ಕೊಡುವ ಬೋಧನೆಗೆ, ಟೆಕ್ನಾಲಜಿ ಬೇಕಾ, ಬೇಡವಾ? ನಮ್ಮ ಸಂಘದಲ್ಲಿ ಚರ್ಚಿಗೆ ಹೋಗುವ ಸದಸ್ಯರು ಸೇರಿದಾಗೆಲ್ಲ ಈ ಮಾತು ಏಳುತ್ತದೆ. ನನಗನ್ನಿಸುವಂತೆ ಆ ಪ್ರಶ್ನೆಯ ಕಾಲ ಮುಗಿಯಿತು. 2020ರಲ್ಲಿ ಕೊರೊನಾ ಬಂದು ಬಾಗಿಲು ಮುಚ್ಚಿದಾಗ ಕ್ಯಾಮೆರಾ, ಲೈವ್ ಸ್ಟ್ರೀಮ್, ಝೂಮ್ ಪ್ರಾರ್ಥನೆ ಎಲ್ಲವೂ ಒಳಗೆ ಬಂದು ಕೂತವು. ಇನ್ನು ಅವು ಎದ್ದು ಹೋಗುವುದಿಲ್ಲ. ಈಗ ಕೇಳಿಕೊಳ್ಳಬೇಕಾದ್ದು ಬೇರೆ. ಸಭೆಯ, ಅಂದರೆ ಒಂದು ಚರ್ಚಿಗೆ ಸೇರಿದವರ, ಕೈಯಲ್ಲಿ ಇರುವುದು ಸ್ವಲ್ಪ ದುಡ್ಡು. ಸ್ವಯಂಸೇವಕರ ಸಮಯ ಅದಕ್ಕಿಂತಲೂ ಕಮ್ಮಿ. ಇವೆರಡನ್ನೂ ಮೊದಲು ಯಾವುದಕ್ಕೆ ಹಾಕಬೇಕು?

ದನಿಗೆ ಹಾಕಿ ಅಂತೀನಿ ನಾನು. ಪರದೆ, ಬಣ್ಣದ ಲೈಟು, ಎಐ ಎಲ್ಲ ಆಮೇಲೆ ನೋಡೋಣ.

1739ರಲ್ಲಿ ಜಾರ್ಜ್ ವೈಟ್‌ಫೀಲ್ಡ್ ಎಂಬ ಇಂಗ್ಲಿಷ್ ಬೋಧಕರು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಬಯಲಲ್ಲೇ ಪ್ರಸಂಗ ಮಾಡುತ್ತಿದ್ದರು. ಕೇಳುಗರಲ್ಲಿ, ಮುಂದೆ ಅಮೆರಿಕ ದೇಶ ಕಟ್ಟಿದವರಲ್ಲಿ ಒಬ್ಬರಾದ ಬೆಂಜಮಿನ್ ಫ್ರಾಂಕ್ಲಿನ್ ಕೂಡ ಇದ್ದರು. ಅವರು ಪ್ರಸಂಗ ಕೇಳುವುದು ಬಿಟ್ಟು, ದನಿ ಎಲ್ಲಿಯವರೆಗೆ ಕೇಳುತ್ತದೆ ಅಂತ ನೋಡಲು ನದಿಯ ಕಡೆಗೆ ಹಿಂದೆ ಹಿಂದೆ ನಡೆಯುತ್ತಾ ಹೋದರು. ಫ್ರಂಟ್ ಸ್ಟ್ರೀಟಿನ ಹತ್ತಿರ ಬೀದಿಯ ಗದ್ದಲದಲ್ಲಿ ಮಾತು ಮುಳುಗಿತು. ಆ ದೂರವನ್ನು ಹಿಡಿದು ಅರ್ಧ ವೃತ್ತ ಹಾಕಿ, ಒಬ್ಬೊಬ್ಬರಿಗೆ ಎರಡು ಚದರ ಅಡಿ ಜಾಗ ಅಂತ ಲೆಕ್ಕ ಮಾಡಿದರೆ 30,000ಕ್ಕೂ ಹೆಚ್ಚು ಜನರಿಗೆ ಕೇಳಿಸಬಹುದು ಅನ್ನುವ ತೀರ್ಮಾನಕ್ಕೆ ಬಂದರು. ಮೈಕ್ ಇಲ್ಲದ ಕಾಲ ಅದು. ಇವತ್ತು ನೂರು ಜನರ ಹಾಲಿನಲ್ಲಿ, ಮೈಕ್ ಇದ್ದೂ, ಕೊನೆಯ ಸಾಲಿನವರು ಪಕ್ಕದವರನ್ನು "ಏನಂದ್ರು?" ಅಂತ ಕೇಳುತ್ತಿರುತ್ತಾರೆ.

ಇದಕ್ಕೆ ಕಾರಣ ಸಾಮಾನ್ಯವಾಗಿ ಸಾಮಾನು ಹಳೆಯದಾಗಿರುವುದಲ್ಲ, ಮೈಕ್ ಬಾಯಿಂದ ದೂರ ಇರುವುದು. ಬಾಯಿಗೂ ಮೈಕಿಗೂ ನಡುವಿನ ದೂರ ಎರಡರಷ್ಟಾದರೆ ಮೈಕಿಗೆ ಸಿಗುವ ದನಿ ಸುಮಾರು 6 ಡೆಸಿಬೆಲ್ (ದನಿಯ ಜೋರಿನ ಅಳತೆ) ಇಳಿಯುತ್ತದೆ. ಅದನ್ನು ತುಂಬಲು ಆಪರೇಟರ್ ವಾಲ್ಯೂಮ್ ಏರಿಸುತ್ತಾರೆ. ಆಗ ಸ್ಪೀಕರಿನ ದನಿ ಮತ್ತೆ ಮೈಕಿಗೇ ಹೊಕ್ಕು, ಸುತ್ತಿ ಸುತ್ತಿ ಕುಯ್ಯೋ ಅಂತ ಕೂಗುತ್ತದೆ. ಎಲ್ಲರೂ ತಿರುಗಿ ಆಪರೇಟರನ್ನೇ ದುರುಗುಟ್ಟಿ ನೋಡುತ್ತಾರೆ, ಪಾಪ. ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ ನೋಡಿ, ಅರ್ಧ ತೊಂದರೆ ಹೋಗುತ್ತದೆ. ಪ್ರಸಂಗಿಗೆ ಆ ಕಡೆ ಈ ಕಡೆ ತಲೆ ತಿರುಗಿಸುವ ಅಭ್ಯಾಸ ಇದ್ದರೆ ಕಿವಿಗೆ ಸಿಕ್ಕಿಸುವ ಹೆಡ್‌ಸೆಟ್ ಮೈಕೇ ವಾಸಿ. ತಲೆ ಎತ್ತ ತಿರುಗಿದರೂ ಮೈಕ್ ಬಾಯಿಯ ಪಕ್ಕದಲ್ಲೇ ಇರುತ್ತದೆ.

ಕಲ್ಲಿನ ಗೋಡೆ, ಎತ್ತರದ ಸೂರು ಇರುವ ಹಳೇ ಚರ್ಚುಗಳ ಕಷ್ಟ ಬೇರೆ. ಅಲ್ಲಿ ವಾಲ್ಯೂಮ್ ಜಾಸ್ತಿ ಮಾಡಿದಷ್ಟೂ ಪ್ರತಿಧ್ವನಿ ಜಾಸ್ತಿ. ಮಾತು ಮಾತ್ರ ಸ್ಪಷ್ಟವಾಗುವುದಿಲ್ಲ. ಮುಂದೆ ಎರಡು ದೊಡ್ಡ ಸ್ಪೀಕರ್ ಇಡುವ ಬದಲು ಉದ್ದಕ್ಕೂ ಚಿಕ್ಕ ಚಿಕ್ಕವನ್ನು ಜನರ ಹತ್ತಿರ ಇಡಬೇಕು. ದನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಆದ್ದರಿಂದ ಮುಂದಿನ ಸ್ಪೀಕರಿನಿಂದ 34 ಮೀಟರ್ ಹಿಂದೆ ಇರುವ ಸ್ಪೀಕರನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡ ಮಾಡಬೇಕು. ಇಲ್ಲದಿದ್ದರೆ ಹಿಂದಿನವರಿಗೆ ಪ್ರತಿ ಮಾತೂ ಎರಡೆರಡು ಸಲ ಕೇಳುತ್ತದೆ. ಈ ತಡ ಹಾಕುವ ಸೌಲಭ್ಯ ಇವತ್ತಿನ ಹೆಚ್ಚಿನ ಡಿಜಿಟಲ್ ಮಿಕ್ಸರುಗಳಲ್ಲಿ, ಅಂದರೆ ಮೈಕುಗಳ ದನಿ ಕೂಡಿಸಿ ಹೊಂದಿಸುವ ಪೆಟ್ಟಿಗೆಗಳಲ್ಲಿ, ಇದ್ದೇ ಇರುತ್ತದೆ. ಯಾರೂ ಅದನ್ನು ತೆರೆದು ನೋಡಿರುವುದಿಲ್ಲ, ಅಷ್ಟೆ.

ಕಿವಿಗೆ ಯಂತ್ರ ಹಾಕಿಕೊಂಡವರ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶ್ರವಣ ಯಂತ್ರ ಹಾಲಿನ ಗದ್ದಲವನ್ನೂ ಪ್ರಸಂಗವನ್ನೂ ಒಟ್ಟಿಗೇ ದೊಡ್ಡದು ಮಾಡುತ್ತದೆ. ಕೆಮ್ಮು, ಕುರ್ಚಿ ಎಳೆದ ಸದ್ದು, ಮಗುವಿನ ಅಳು ಎಲ್ಲವೂ ಸೇರಿ ಕಿವಿಗೆ ಬೀಳುತ್ತವೆ. ಇದಕ್ಕೆ ಹಿಯರಿಂಗ್ ಲೂಪ್ ಅಂತ ಒಂದು ವ್ಯವಸ್ಥೆ ಇದೆ. ನೆಲದ ಸುತ್ತ ಒಂದು ತಂತಿ ಹಾಸುತ್ತಾರೆ. ಮೈಕಿನ ದನಿ ಅದರಲ್ಲಿ ವಿದ್ಯುತ್ತಾಗಿ ಹರಿದು ಕಾಂತಕ್ಷೇತ್ರ ಹುಟ್ಟಿಸುತ್ತದೆ. ಅದನ್ನು ಹಿಡಿಯುವ ಟೆಲಿಕಾಯಿಲ್ ಎಂಬ ಪುಟ್ಟ ಸುರುಳಿ ಇರುವ ಶ್ರವಣ ಯಂತ್ರವನ್ನು 'ಟಿ'ಗೆ ಹಾಕಿದರೆ ಸಾಕು, ಪ್ರಸಂಗ ನೇರ ಕಿವಿಯೊಳಗೆ ಬರುತ್ತದೆ, ನಡುವಿನ ಗದ್ದಲ ಇಲ್ಲ. ಹೊಸ ಯಂತ್ರಗಳಲ್ಲಿ ಬ್ಲೂಟೂತ್ ಮೂಲಕ ಇದೇ ಕೆಲಸ ಮಾಡುವ ಆರಾಕಾಸ್ಟ್ ಕೂಡ ಬರುತ್ತಿದೆ. ಎಷ್ಟೋ ವರ್ಷ ಮುಂದಿನ ಸಾಲಲ್ಲಿ ಕೂತು ಬರೀ ತುಟಿಯ ಆಟ ನೋಡಿ ಎದ್ದು ಹೋದ ಹಿರಿಯರಿಗೆ ಇದು ಎಂಥಾ ಉಪಕಾರ ಅಂತ ಯೋಚಿಸಿ. ಎಲ್ಇಡಿ ಗೋಡೆಗೆ ಕಮಿಟಿಯಲ್ಲಿ ಕೈ ಎತ್ತುವ ಮುಂಚೆ ಇದರ ಕೊಟೇಶನ್ ಒಂದು ತರಿಸಿ ನೋಡಬಾರದೇ?

ಹೊಸ ಐಡಿಯಾ ಅಂದರೆ ಹೊಸ ಸಾಮಾನು ಅಂತ ನಾವು ಅಂದುಕೊಂಡಿದ್ದೇವೆ. ಸತ್ಯವೇದ (ಬೈಬಲ್) ತೆರೆದರೆ ಬೇರೆಯೇ ಕಾಣುತ್ತದೆ. ಪ್ರವಾದಿ ಯೆಹೆಜ್ಕೇಲನು ಒಂದು ಇಟ್ಟಿಗೆ ತೆಗೆದುಕೊಂಡು ಅದರ ಮೇಲೆ ಯೆರೂಸಲೇಮಿನ ನಕ್ಷೆ ಕೊರೆದು, ಸುತ್ತ ಮುತ್ತಿಗೆಯ ದಿಬ್ಬ ಕಟ್ಟಿ ತೋರಿಸಬೇಕಾಯಿತು. ಪ್ರವಾದಿ ಯೆರೆಮೀಯನು ಕುಂಬಾರನ ಹತ್ತಿರ ಮಣ್ಣಿನ ಕೂಜೆ ಕೊಂಡು, ಹಿರಿಯರ ಕಣ್ಣೆದುರೇ ಒಡೆದ. ಪ್ರವಾದಿ ನಾತಾನನ ಕೈಯಲ್ಲಿ ಏನೂ ಇರಲಿಲ್ಲ. ಬಡವನ ಕುರಿಮರಿಯ ಕಥೆ ಹೇಳಿಯೇ ರಾಜ ದಾವೀದನನ್ನು ಅವನ ತಪ್ಪಿನಲ್ಲೇ ಸಿಕ್ಕಿಸಿಹಾಕಿದ. ಯೇಸು ಸಮುದ್ರದ ದಡದಲ್ಲಿ ಜನ ಮುತ್ತಿಕೊಂಡಾಗ ದೋಣಿ ಹತ್ತಿ ಕೂತು, ಅಲ್ಲಿಂದ ಬಿತ್ತುವವನ ಸಾಮ್ಯ (ದೃಷ್ಟಾಂತ ಕಥೆ) ಹೇಳಿದ. ದಡದಲ್ಲಿ ಜನ, ನೀರಿನ ಮೇಲೆ ದೋಣಿ, ನಡುವೆ ಅಡ್ಡ ಏನೂ ಇಲ್ಲ. ಸೌಂಡಿನವರನ್ನು ಕೇಳಿದರೆ ಒಳ್ಳೆಯ ಜಾಗ ಅಂತಲೇ ಅನ್ನುತ್ತಾರೆ.

ಗಮನಿಸಿ, ಒಂದು ಪ್ರಸಂಗಕ್ಕೆ ಒಂದೇ ವಸ್ತು. ಇಟ್ಟಿಗೆ, ಇಲ್ಲವೇ ಕೂಜೆ. ನಾವಾದರೆ ಇಟ್ಟಿಗೆ, ಕೂಜೆ, ಎರಡು ವಿಡಿಯೋ, ಮೂವತ್ತು ಸ್ಲೈಡು ಎಲ್ಲಾ ಒಂದೇ ಭಾನುವಾರಕ್ಕೆ ತುರುಕುತ್ತೇವೆ. ವಸ್ತುವನ್ನು ಮೊದಲಿಂದಲೇ ಮೇಜಿನ ಮೇಲೆ ಇಟ್ಟರೆ ಮಕ್ಕಳು, ದೊಡ್ಡವರು ಇಬ್ಬರೂ ಅದನ್ನೇ ನೋಡುತ್ತಾ ಕೂರುತ್ತಾರೆ. ಬೇಕಾದಾಗ ತೆಗೆಯಿರಿ, ತೋರಿಸಿದ ಮೇಲೆ ಒಳಗಿಡಿ.

ಪ್ರಸಂಗ ಎಷ್ಟು ಉದ್ದ ಇರಬೇಕು ಅನ್ನುವುದಕ್ಕೆ ಯಾವ ಆ್ಯಪೂ ಬೇಡ. ಸತ್ಯವೇದದಲ್ಲೇ ಅಪೊಸ್ತಲ ಪೌಲನು ತ್ರೋವ ಎಂಬ ಊರಿನಲ್ಲಿ ನಡುರಾತ್ರಿಯವರೆಗೆ ಮಾತಾಡಿದಾಗ ಕಿಟಕಿಯಲ್ಲಿ ಕೂತಿದ್ದ ಯೂತಿಖ ನಿದ್ದೆ ಹತ್ತಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಪೋಪ್ ಫ್ರಾನ್ಸಿಸ್ 2024ರ ಜೂನ್‌ನಲ್ಲಿ ಪಾದ್ರಿಗಳಿಗೆ ನೇರವಾಗಿಯೇ ಹೇಳಿದರು: ಎಂಟು ನಿಮಿಷ ಮೀರಬೇಡಿ, ಜನ ನಿದ್ದೆ ಹೋಗುತ್ತಾರೆ. ಎಂಟು ಕಮ್ಮಿ ಆಯಿತು ಅನ್ನುವ ಪಾಸ್ಟರುಗಳು ಬಹಳ ಮಂದಿ ಇದ್ದಾರೆ. ನಾನು ಆ ಜಗಳಕ್ಕೆ ಬರುವುದಿಲ್ಲ.

ಲೈವ್ ಸ್ಟ್ರೀಮಿಗೆ ಬರೋಣ. ಚರ್ಚಿನ ಆರಾಧನೆ ಮೊದಲು ರೇಡಿಯೋದಲ್ಲಿ ಬಂದದ್ದು 1921ರ ಜನವರಿ 2ರಂದು, ಪಿಟ್ಸ್‌ಬರ್ಗಿನ ಕ್ಯಾಲ್ವರಿ ಎಪಿಸ್ಕೋಪಲ್ ಚರ್ಚಿನಿಂದ. ಪ್ರಸಾರ ಮಾಡಿದ್ದು ಕೆಡಿಕೆಎ ಕೇಂದ್ರ. ಜನರ ಗಮನ ಅತ್ತ ಹೋಗದಿರಲಿ ಅಂತ ಎಂಜಿನಿಯರುಗಳಿಗೂ ಕಾಯಿರ್‌ನವರ (ಹಾಡುವ ತಂಡದವರ) ನಿಲುವಂಗಿ ತೊಡಿಸಿದ್ದರು. ಈಗ ಕ್ಯಾಮೆರಾ ಹಿಡಿದವರು ನಡುದಾರಿಯಲ್ಲೇ ಮುಂದಕ್ಕೂ ಹಿಂದಕ್ಕೂ ಓಡಾಡುತ್ತಾರೆ. ಒಬ್ಬರಿಗಾದರೂ ನಿಲುವಂಗಿ ಹೊಲಿಸಿಕೊಡಬೇಕು ಅನ್ನಿಸುತ್ತದೆ.

ಸ್ಟ್ರೀಮಿನಲ್ಲೂ ಮೊದಲ ಮಾತು ದನಿಯದ್ದೇ. ಚಿತ್ರ ಸ್ವಲ್ಪ ಮಸುಕಾದರೆ ಮನೆಯಲ್ಲಿ ಕೂತವರು ಸಹಿಸುತ್ತಾರೆ, ಮಾತು ಕೇಳದಿದ್ದರೆ ಬೇರೆ ವಿಡಿಯೋಕ್ಕೆ ಹೋಗುತ್ತಾರೆ. ಕ್ಯಾಮೆರಾದ ಸ್ವಂತ ಮೈಕನ್ನು ನಂಬಬೇಡಿ. ಮಿಕ್ಸರಿನಿಂದ ನೇರ ತಂತಿ ಎಳೆಯಿರಿ. ಹಾಗೆಯೇ ಸಭೆಯ ಕಡೆಗೆ ಒಂದು ಮೈಕ್ ತಿರುಗಿಸಿಡಿ. ಇಲ್ಲದಿದ್ದರೆ ಹಾಡುವಾಗ ಒಬ್ಬರೇ ಖಾಲಿ ಹಾಲಿನಲ್ಲಿ ಹಾಡಿದ ಹಾಗೆ ಕೇಳುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದಿದೆ, ಅದರ ಬಗ್ಗೆ ಮಾತಾಡುವವರೇ ಕಮ್ಮಿ. ಪ್ರಾರ್ಥನೆ ವಿನಂತಿಗಳು ಓದುವ ಹೊತ್ತು. ಯಾರೋ ಎದ್ದು, ಇಂಥವರ ಮಗಳಿಗೆ ಇಂಥ ಕಾಯಿಲೆ, ಇಂಥವರ ಮನೆಯಲ್ಲಿ ಗಂಡ ಹೆಂಡತಿ ಬೇರೆಯಾಗಿದ್ದಾರೆ, ಪ್ರಾರ್ಥನೆ ಮಾಡಿ ಅನ್ನುತ್ತಾರೆ. ಹಾಲಿನೊಳಗೆ ಅದು ಕಾಳಜಿ. ಯೂಟ್ಯೂಬಿಗೆ ಹೋದರೆ ಆ ಹುಡುಗಿಗೆ ಕೆಲಸ ಕೊಡುವವರೂ ನೋಡಬಹುದು. ಆ ಹೊತ್ತಿಗೆ ಸ್ಟ್ರೀಮ್ ನಿಲ್ಲಿಸಬೇಕು. ಮಕ್ಕಳ ಮುಖ ತೋರಿಸುವ ಮುಂಚೆ ತಂದೆ ತಾಯಿಯರನ್ನು ಕೇಳಬೇಕು. ಕ್ಯಾಮೆರಾ ಬೀಳದ ಕೆಲವು ಸಾಲು ಇರಲಿ, ಅಲ್ಲಿ ಬೋರ್ಡ್ ಹಾಕಿ. ಹಾಡಿನ ಹಕ್ಕಿನ (ಕಾಪಿರೈಟ್) ವಿಷಯವೂ ಅಷ್ಟೇ. ಅಮೆರಿಕದ ಕಾನೂನಿನಲ್ಲಿ ಆರಾಧನೆಯ ಹೊತ್ತಿಗೆ ಚರ್ಚಿನೊಳಗೆ ಭಕ್ತಿಗೀತೆ ಹಾಡಲು ವಿನಾಯಿತಿ ಇದೆ. ಅದೇ ಹಾಡು ಇಂಟರ್ನೆಟ್ಟಿಗೆ ಹೋದರೆ ಆ ವಿನಾಯಿತಿ ಜೊತೆಗೆ ಬರುವುದಿಲ್ಲ. ಸ್ಟ್ರೀಮಿಂಗ್ ಪರವಾನಗಿ ಬೇರೆಯೇ ತೆಗೆದುಕೊಳ್ಳಬೇಕು.

ಎಐ ಬಗ್ಗೆ ಬರೆಯದಿದ್ದರೆ ಓದುಗರು ಬಿಡುವುದಿಲ್ಲ. 2023ರ ಜೂನ್‌ನಲ್ಲಿ ಜರ್ಮನಿಯ ಫ್ಯೂರ್ಟ್ ಊರಿನ ಸಂತ ಪೌಲರ ಚರ್ಚಿನಲ್ಲಿ ಸುಮಾರು 40 ನಿಮಿಷದ ಆರಾಧನೆಯೊಂದು ನಡೆಯಿತು. ಪ್ರಸಂಗ, ಪ್ರಾರ್ಥನೆ ಬಹುಪಾಲು ಚಾಟ್‌ಜಿಪಿಟಿಯದು. ಪರದೆಯ ಮೇಲಿನ ಬೊಂಬೆ ಮುಖಗಳು ಅದನ್ನು ಓದಿದವು. 300ಕ್ಕೂ ಹೆಚ್ಚು ಜನ ಸೇರಿದ್ದರು. ಮುಖದಲ್ಲಿ ಭಾವನೆಯೇ ಇಲ್ಲದೆ ಸವಕಲು ಮಾತು ಬಂದಾಗ ಜನ ನಕ್ಕದ್ದೂ ಉಂಟು. ಪ್ರಯೋಗವಾಗಿ ಸರಿ. ಪ್ರತಿ ವಾರಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಆಸ್ಪತ್ರೆಯಲ್ಲಿ ಇರುವವರನ್ನು ಶನಿವಾರ ನೋಡಿ ಬಂದು ಭಾನುವಾರ ಮಾತಾಡುವ ಪಾಸ್ಟರ್ ಏನು ಹೇಳಬೇಕು, ಏನು ಬಿಡಬೇಕು ಅಂತ ಅಲ್ಲೇ ತೂಗುತ್ತಾರೆ. ಆ ಯಂತ್ರ ಅಲ್ಲಿಗೆ ಹೋಗಿರುವುದಿಲ್ಲ. ಇನ್ನೊಂದು ಅಪಾಯ, ಅದು ಇಲ್ಲದ ವಚನವನ್ನೂ ಅಧ್ಯಾಯದ ಸಂಖ್ಯೆ ಸಮೇತ ಧೈರ್ಯವಾಗಿ ಕೊಟ್ಟುಬಿಡುತ್ತದೆ. ಸತ್ಯವೇದ ತೆರೆದು ನೋಡದೆ ಸ್ಲೈಡಿಗೆ ಹಾಕಬೇಡಿ.

ಆದರೆ ಪ್ರಸಂಗ ಮುಗಿದ ಮೇಲಿನ ಕೆಲಸಕ್ಕೆ ಅದನ್ನು ಧಾರಾಳವಾಗಿ ದುಡಿಸಿಕೊಳ್ಳಿ. ಧ್ವನಿಮುದ್ರಣವನ್ನು ಬರಹ ಮಾಡಲಿ. ಕನ್ನಡ ಬಾರದ ಸೊಸೆಗೋ ಅಳಿಯನಿಗೋ ಫೋನಿನಲ್ಲೇ ಅನುವಾದದ ಸಾಲು ಬರಲಿ. ತಪ್ಪು ಇದ್ದೇ ಇರುತ್ತದೆ, ಹೆಸರುಗಳಲ್ಲಂತೂ ಕೇಳಲೇಬೇಡಿ. ಆದರೂ ಸುಮ್ನೆ ಗೋಡೆ ನೋಡುತ್ತಾ ಕೂರುವುದಕ್ಕಿಂತ ಎಷ್ಟೋ ಮೇಲು.

ಕೊನೆಗೆ ಕನ್ನಡದವರಿಗೇ ಇರುವ ಒಂದು ತಲೆನೋವು, ಸ್ಲೈಡಿನ ಅಕ್ಷರ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕೀರ್ತನೆಗಳು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗುತ್ತವೆ. ಅವನ್ನು ಎಲ್ಲ ಕಂಪ್ಯೂಟರಿಗೂ ಗುರುತು ಸಿಗುವ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಇವೆ, ಒಂದು ಸಲ ಕೂತು ಮಾಡಿ ಮುಗಿಸಬೇಕು. ಕೆಲವು ಸಾಫ್ಟ್‌ವೇರುಗಳು ಯೂನಿಕೋಡ್ ಕೊಟ್ಟರೂ ಒತ್ತಕ್ಷರ ಒಡೆಯುತ್ತವೆ. 'ಕ್ರಿಸ್ತ' ಅನ್ನುವುದು ತುಂಡು ತುಂಡಾಗಿ ಪರದೆಯ ಮೇಲೆ ನಿಲ್ಲುತ್ತದೆ. ಆಗ ಸ್ಲೈಡನ್ನು ಚಿತ್ರವಾಗಿ ಉಳಿಸಿ ಹಾಕುವುದೇ ದಾರಿ. ನಮ್ಮ ಅಕ್ಷರಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು. ಆದ್ದರಿಂದ ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ. ಒಂದು ಸ್ಲೈಡಿಗೆ ನಾಲ್ಕು ಸಾಲು ಸಾಕು. ಅದೂ ಪರದೆಯ ಮೇಲರ್ಧದಲ್ಲಿ ಇರಲಿ, ಕೆಳಗಿನ ಸಾಲು ಮುಂದಿನವರ ತಲೆಗೆ ಮರೆಯಾಗುತ್ತದೆ. ಸ್ಲೈಡ್ ಒತ್ತುವವರಿಗೆ ಒಂದು ಮಾತು: ಜನ ಕೊನೆಯ ಸಾಲಿನ ಕೊನೆಯ ಪದ ಶುರು ಮಾಡುವಾಗಲೇ ಮುಂದಿನದಕ್ಕೆ ಹೋಗಿ. ಹಾಡಿ ಮುಗಿಸಲಿ ಅಂತ ಕಾದರೆ ಹೊಸ ಚರಣದ ಮೊದಲ ಪದಕ್ಕೆ ಎಲ್ಲರೂ ಗುನುಗುತ್ತಾರೆ.

ಹಕ್ಕಿನ ಅವಧಿ ಮುಗಿದ ಹಳೆಯ ಕನ್ನಡ ಕೀರ್ತನೆಗಳನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿ, ಕಾಗುಣಿತ ತಿದ್ದಿ, ಎಲ್ಲ ಸಭೆಗಳಿಗೂ ಸಿಗುವ ಹಾಗೆ ಒಂದು ಕಡೆ ಇಡಬೇಕೆಂಬ ಯೋಚನೆ ಇದೆ. ಟೈಪ್ ಮಾಡುವವರಿಗಿಂತ ತಪ್ಪು ಹುಡುಕುವವರು ಜಾಸ್ತಿ ಬೇಕು. ಹಾಡುಗಳು ಬಾಯಿಪಾಠ ಬರುವ ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಕೇಳಿ, ಹೆಸರನ್ನು ಮುಂದಿನ ಸಂಚಿಕೆಗೆ ಮುಂಚೆ ಕಮಿಟಿಯವರಿಗೆ ಕೊಡಿ.