ಅಳತೆ ಪುಸ್ತಕದಲ್ಲಿ ನನ್ನದೂ ಒಂದು ಹಾಳೆ

ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ದರು. ಬೆಂಗಳೂರಿನಲ್ಲಿ 45 ದಾಟಿದವರು ಮೈ ಇಳಿಸುವುದು ಆಗದ ಮಾತಂತೆ. ಫುಟ್‌ಪಾತ್ ಇಲ್ಲ, ಟ್ರಾಫಿಕ್‌ನಲ್ಲೇ ದಿನ ಮುಗಿಯುತ್ತದೆ, ಬೀದಿಗೆರಡು ದರ್ಶಿನಿ, ನಾವೇನು ಮಾಡೋಣ ಅಂತ. ಫುಟ್‌ಪಾತ್ ವಿಷಯದಲ್ಲಿ ನನಗೂ ಅದೇ ಸಿಟ್ಟು. ನಮ್ಮ ಅಂಗಡಿ ಮುಂದಿನ ಚಪ್ಪಡಿ ಹೋದ ಮಳೆಗಾಲದಿಂದ ಬಾಯಿ ತೆರೆದುಕೊಂಡು ಬಿದ್ದಿದೆ. ಉಳಿದದ್ದರ ಬಗ್ಗೆ ನನ್ನದೊಂದು ಮಾತಿದೆ.

ಹನುಮಂತನಗರದಲ್ಲಿ 22 ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ನನಗೀಗ 51. ಟೇಪು ದಿನವಿಡೀ ಕೊರಳಲ್ಲೇ ಇರುತ್ತದೆ. ಹಳೇ ಅಳತೆ ಪುಸ್ತಕಗಳು ಒಂದು ಟ್ರಂಕ್ ತುಂಬ ಇವೆ. ಒಬ್ಬರದೇ ಅಳತೆ ಮದುವೆಗೆ ಒಂದು, ಮಗುವಿನ ನಾಮಕರಣಕ್ಕೆ ಒಂದು, ಗೃಹಪ್ರವೇಶಕ್ಕೆ ಇನ್ನೊಂದು. "ಬಟ್ಟೆ ಶ್ರಿಂಕ್ ಆಗಿದೆ ಅಕ್ಕ" ಅನ್ನುತ್ತಾರೆ. ಆಗಿರಬೇಕು ಬಿಡಿ ಅಂತ ನಾನೂ ತಲೆಯಾಡಿಸಿ, ಅರ್ಧ ಇಂಚು ಜಾಸ್ತಿ ಹಾಕಿ, ಸುಮ್ನೆ ಬರೆದುಕೊಳ್ಳುತ್ತೇನೆ. ಟೈಲರ್‌ಗಳು ಹೇಳುವ ಸುಳ್ಳುಗಳಲ್ಲಿ "ನಾಳೆ ಕೊಡ್ತೀನಿ" ಬಿಟ್ಟರೆ ಇದೇ ದೊಡ್ಡದು.

ಅದೇ ಸುಳ್ಳು ನನಗೂ ಹೇಳಿಕೊಂಡಿದ್ದೆ. ಹೋದ ವರ್ಷ ಯುಗಾದಿ ಕಳೆದ ಮೇಲೆ ತಂಗಿ ಮಗಳ ಮದುವೆಗೆ ಅಂತ ಹಸಿರು ರೇಷ್ಮೆ ರವಿಕೆ ತೆಗೆದೆ. ಹುಕ್ಕು ಕೂಡಲಿಲ್ಲ. ಒಳಗೆ ಬಟ್ಟೆ ಬಿಟ್ಟಿರುತ್ತೇನಲ್ಲ, ಬಿಚ್ಚಿದರಾಯ್ತು ಅಂತ ಮಗುಚಿ ನೋಡಿದೆ. ಪಕ್ಕದ ಹೊಲಿಗೆ ಉದ್ದಕ್ಕೂ ಸೂಜಿ ತೂತಿನ ಎರಡು ಸಾಲು. ಹಿಂದೆ ಎರಡು ಸಲ ನಾನೇ ಬಿಚ್ಚಿ ಸಡಿಲ ಮಾಡಿದ ಗುರುತು. ಈಗಿನ ಹೊಲಿಗೆಯ ಆಚೆ ನೂಲು ಬಿಟ್ಟ ಅಂಚಷ್ಟೇ. ಇನ್ನು ಬಿಚ್ಚೋಕೆ ಬಟ್ಟೆಯೇ ಇರಲಿಲ್ಲ.

ಅದೇ ತಿಂಗಳು ರಕ್ತ ಪರೀಕ್ಷೆ ಮಾಡಿಸಿದೆ. ಎಚ್‌ಬಿಎ1ಸಿ 6.2 ಬಂತು. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಪರೀಕ್ಷೆ ಅದು. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಆದರೆ ಒಳಗೆ ಕಾಲಿಟ್ಟ ಹಾಗೆ. ಡಾಕ್ಟರು ಟೇಪು ತೆಗೆದರು. ನಮ್ಮ ದೇಶದ ಹೆಂಗಸರ ಸೊಂಟ 80 ಸೆಂ.ಮೀ., ಗಂಡಸರದು 90 ದಾಟಬಾರದಂತೆ. ನಮ್ಮ ಇಂಚಿನ ಲೆಕ್ಕದಲ್ಲಿ ಮೂವತ್ತೊಂದೂವರೆ, ಮೂವತ್ತೈದೂವರೆ. ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಅಳೆಯುವುದಲ್ಲ. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ. ನಾನು ಹೊಟ್ಟೆ ಒಳಗೆಳೆದುಕೊಂಡು ನಿಂತೆ. "ಉಸಿರು ಬಿಡಿ ಅಮ್ಮ" ಅಂದರು. ಗಿರಾಕಿಗಳಿಗೆ ನಾನು ದಿನಾ ಹೇಳುವ ಮಾತು! 38 ಇಂಚು.

ಮುಟ್ಟು ನಿಂತಿದೆ, ವಯಸ್ಸಾಯ್ತು, ಅದಕ್ಕೇ ಅಂತ ಮನೆಯಲ್ಲಿ ಹೇಳಿದೆ. ಮುಟ್ಟು ನಿಂತ ಮೇಲೆ ಕೊಬ್ಬು ಹೊಟ್ಟೆ ಸುತ್ತ ಸೇರುವುದು ನಿಜವೇ. ಆದರೆ ಮಗಳು ಇನ್ನೊಂದು ಓದಿ ಹೇಳಿದಳು. 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದದ್ದು. 29 ದೇಶಗಳ 6,400ಕ್ಕೂ ಜಾಸ್ತಿ ಜನರನ್ನು ನೋಡಿದ್ದಾರೆ. ಮೈಯ ಗಾತ್ರಕ್ಕೆ ತಕ್ಕಂತೆ ಲೆಕ್ಕ ಹಾಕಿದರೆ, ದೇಹ ಶಕ್ತಿ ಉರಿಸುವ ವೇಗ 20ರಿಂದ 60ರವರೆಗೆ ಹೆಚ್ಚುಕಮ್ಮಿ ಒಂದೇ ಇರುತ್ತದಂತೆ. "ಒಲೆ ಆರಿಲ್ಲಮ್ಮ, ನೀನು ಸೌದೆ ಜಾಸ್ತಿ ಹಾಕ್ತಿದ್ದೀಯ" ಅಂದಳು. ನನಗೆ ಕೋಪ ಬಂತು. ಎರಡು ದಿನ ಮಾತಾಡಲಿಲ್ಲ.

ಆಮೇಲೆ ಸೌದೆ ಲೆಕ್ಕ ಹಾಕಿದೆ. ಮಗ ಕೆಲಸಕ್ಕೆ ಪುಣೆಗೆ ಹೋಗಿ ಮೂರು ವರ್ಷ. ನಾನು ಮಾತ್ರ ಅದೇ ಎರಡು ಪಾವು ಅಕ್ಕಿ ಹಾಕುತ್ತಿದ್ದೆ. ರಾತ್ರಿ ಮಿಕ್ಕ ಅನ್ನ ಚೆಲ್ಲೋಕೆ ಮನಸ್ಸು ಬರುತ್ತಾ? ಮಜ್ಜಿಗೆ ಕಲಸಿಕೊಂಡು, ಪಾತ್ರೆಯಲ್ಲೇ, ಕಟ್ಟೆಗೆ ಒರಗಿ ನಿಂತು ಮುಗಿಸುತ್ತಿದ್ದೆ. ತಟ್ಟೆಗೆ ಬೀಳದ ಅನ್ನ ಊಟದ ಲೆಕ್ಕಕ್ಕೆ ಬರೋದಿಲ್ಲ, ಅಲ್ವಾ! ಕಾಫಿ ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಅಂದರೂ ತಿಂಗಳಿಗೆ ಒಂದೂವರೆ ಕೆ.ಜಿ. ಸಕ್ಕರೆ ನಾನೊಬ್ಬಳೇ ಕುಡಿದಿದ್ದೇನೆ. ಇದರಲ್ಲಿ ಯಾವ ದರ್ಶಿನಿಯವರೂ ಬಡಿಸಿದ್ದಿಲ್ಲ. ಇನ್ನೊಂದು, 2015ರಲ್ಲಿ ಮಿಷನ್‌ಗೆ ಮೋಟರ್ ಹಾಕಿಸಿದೆ. ಅಲ್ಲಿಯವರೆಗೆ ಕಾಲಲ್ಲಿ ತುಳಿಯುತ್ತಿದ್ದೆ. ಮೋಟರ್ ತೆಗೆಸಿಲ್ಲ, ಹೊಟ್ಟೆಪಾಡು ನಡೆಯಬೇಕಲ್ಲ.

ಈಗ ಒಂದು ಪಾವು ಅಕ್ಕಿ. ಸೊಪ್ಪು, ಕಾಳು ಜಾಸ್ತಿ. ಕಾಫಿ ಎರಡೇ ಲೋಟ, ಅರ್ಧರ್ಧ ಚಮಚ ಸಕ್ಕರೆ. ಬೆಳಗ್ಗೆ ಐದೂವರೆಗೆ ರಾಮಾಂಜನೇಯ ಗುಡ್ಡ. ಮೊದಲ ದಿನ ಮೆಟ್ಟಿಲಲ್ಲಿ ಮೂರು ಸಲ ಕೂತೆ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆದರೆ ಸರಿಹೋಗುತ್ತದೆ. ನಡಿಗೆ ಒಂದೇ ಸಾಲದು, ಮಾಂಸಖಂಡಕ್ಕೂ ಕೆಲಸ ಬೇಕು ಅಂದರು ಡಾಕ್ಟರು. ನೆಲದ ಮೇಲೆ ಕೂತು ಬಟ್ಟೆ ಕತ್ತರಿಸುವವಳು ನಾನು. ಏಳುವಾಗ ಕೈ ಊರದೆ ಏಳುವುದೇ ನನ್ನ ಜಿಮ್. ಮೊದಮೊದಲು ಮಿಷನ್ ಟೇಬಲ್ ಹಿಡಿದು ಏಳುತ್ತಿದ್ದೆ, ನಗಬೇಡಿ.

ಪ್ರತಿ ತಿಂಗಳ ಒಂದನೇ ತಾರೀಖು ಅಳತೆ ಪುಸ್ತಕದಲ್ಲಿ 'ಸ್ವಂತ' ಅಂತ ಬರೆದ ಹಾಳೆಯಲ್ಲಿ ನನ್ನ ಸೊಂಟದ ಅಳತೆ ಬರೆಯುತ್ತೇನೆ. ಅವರೆಕಾಯಿ ಕಾಲದಲ್ಲಿ ಅರ್ಧ ಇಂಚು ಏರಿತು. ಹಿತಕಿದ ಬೇಳೆ ಸಾರಿನ ಮುಂದೆ ನನ್ನ ಆಟ ನಡೆಯಲಿಲ್ಲ. ಅದನ್ನೂ ಬರೆದೆ.

ಎಲ್ಲರಿಗೂ ಇದೇ ಲೆಕ್ಕ ಅನ್ನಲಾರೆ. ಥೈರಾಯ್ಡ್ ಇರುವವರಿದ್ದಾರೆ, ಸ್ಟೆರಾಯ್ಡ್ ಮಾತ್ರೆ ನುಂಗುವವರಿದ್ದಾರೆ. ಗಾರ್ಮೆಂಟ್ಸ್ ಮುಗಿಸಿ ಬಂದು ಮನೆಗೆಲಸಕ್ಕೆ ಹೋಗುವ ನನ್ನ ಗಿರಾಕಿಗೆ ಗುಡ್ಡ ಹತ್ತು ಅಂತ ಯಾವ ಬಾಯಲ್ಲಿ ಹೇಳಲಿ? ಗಿರಾಕಿಗಳಿಗೆ ಬುದ್ಧಿ ಹೇಳೋಕೆ ಹೋಗಿಲ್ಲ. ಕೇಳಿದವರಿಗೆ ಹಳೇ ಅಳತೆ ಓದಿ ಹೇಳುತ್ತೇನೆ, ಅಷ್ಟೇ.

ಹದಿನಾಲ್ಕು ತಿಂಗಳಾದ ಮೇಲೆ ಈಗ ಮೂವತ್ತೈದೂವರೆ ಇಂಚು, ಎಚ್‌ಬಿಎ1ಸಿ 5.8. ಮೂವತ್ತೊಂದೂವರೆ ಇನ್ನೂ ದೂರವಿದೆ. ಹೋದ ಭಾನುವಾರ ಹಸಿರು ರವಿಕೆಯನ್ನು ಒಂದು ಸಾಲು ಹಿಂದಕ್ಕೆ ಹೊಲಿದೆ. ಹಳೇ ತೂತುಗಳ ಮೇಲೇ ಸೂಜಿ ಓಡಿಸಿದೆ. ಕಾಲು ಇಂಚು ಬಟ್ಟೆ ಮತ್ತೆ ಒಳಗೆ ಹೋಯಿತು. ಮೊದಲ ಹೊಲಿಗೆಯ ಸಾಲು ಹಾಗೇ ಇದೆ.

ನಮ್ಮ ಬೀದಿಯ ಚಪ್ಪಡಿಯನ್ನು ಮಾತ್ರ ಸಂಬಂಧಪಟ್ಟವರು ಬೇಗ ಹಾಕಿಸಲಿ. ಕತ್ತಲಲ್ಲಿ ಗುಡ್ಡಕ್ಕೆ ಹೊರಡುವವಳು ನಾನು, ಅದು ನನ್ನ ಕೈಲಾಗುವ ಕೆಲಸವಲ್ಲ.

ಇತಿ,
ಹನುಮಂತನಗರದ ಒಬ್ಬ ಟೈಲರ್
ಬೆಂಗಳೂರು